ಜಾರುವುದು ಯಾರು, ದೋಣಿಯೋ ಆಟಗಾರನೋ?

ಹತ್ತೊಂಬತ್ತನೇ ಶತಮಾನದ ಕೆಲವು ರೋಯಿಂಗ್ ಪಟುಗಳು ಚಡ್ಡಿಯ ಹಿಂಬದಿಗೆ ಚರ್ಮ ಹೊಲಿಸಿಕೊಂಡು, ಜಿಡ್ಡು ಬಳಿದ ಹಲಗೆಯ ಮೇಲೆ ಹಿಂದೆ ಮುಂದೆ ಜಾರುತ್ತಾ ಹುಟ್ಟು ಹಾಕುತ್ತಿದ್ದರು. ಒಂದಿಷ್ಟು ಜಾರಲು ಬಂದರೆ ಮಂಡಿ ಮಡಚಿ, ಕಾಲಿನಿಂದ ಒದೆಯಬಹುದು. ನಮ್ಮ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ತೋಳಿನಲ್ಲಲ್ಲ. ಅಮೆರಿಕದ ಜೆ. ಸಿ. ಬ್ಯಾಬ್‌ಕಾಕ್ 1857ರಲ್ಲೇ ಜಾರುವ ಆಸನದ ಪ್ರಯೋಗ ಮಾಡಿದ್ದ. 1870ರ ದಶಕದಲ್ಲಿ ಅದು ಪಂದ್ಯಗಳಲ್ಲಿ ನೆಲೆಯೂರಿತು.

ಇಂದಿನ ಆಸನದಡಿ ಪುಟ್ಟ ಚಕ್ರಗಳಿವೆ, ಅವು ಓಡಲು ಎರಡು ಹಳಿಗಳಿವೆ. ಆಸನದಲ್ಲಿ ಎರಡು ತೂತುಗಳೂ ಇವೆ. ಕೂತಾಗ ಮೈಭಾರ ಹೊರುವ ಎರಡು ಮೂಳೆಗಳ ತುದಿ ಅಲ್ಲಿ ಇಳಿದು ಕೂರುತ್ತದೆ. ಪಾದಗಳ ಮುಂದಿನ ಓರೆ ಹಲಗೆಗೆ ಶೂಗಳನ್ನೇ ಬಿಗಿದಿರುತ್ತಾರೆ. ದೋಣಿ ಮಗುಚಿದರೆ ಪಾದ ಸಲೀಸಾಗಿ ಕಳಚಿಕೊಳ್ಳಲೆಂದು ಹಿಮ್ಮಡಿಗೆ ಗಿಡ್ಡ ದಾರ ಕಟ್ಟುತ್ತಾರೆ. ಶೂ ತೀರ ಮೇಲಿದ್ದರೆ ತೊಡೆಯ ಹಿಂಭಾಗ ಬಿಗಿಯಾಗಿರುವವನು ಮುಂದೆ ಬಾಗುವಾಗ ಸೊಂಟ ಮಡಚಲಾರದೆ ಬೆನ್ನನ್ನು ಗೂನು ಮಾಡುತ್ತಾನೆ. ಕಾಲಿನ ಅಷ್ಟೂ ಬಲ ಆ ಗೂನಿನ ಮೂಲಕವೇ ಹುಟ್ಟಿಗೆ ಹೋಗಬೇಕು. ರೋಯಿಂಗ್‌ನಲ್ಲಿ ಹೆಚ್ಚು ಕಾಡುವ ನೋವು ಕೆಳಬೆನ್ನಿನದು. ಕಾರ್ಬನ್ ಫೈಬರಿನ ದೋಣಿಗೆ ಹಣ ಸುರಿಯುವ ಮುನ್ನ ಶೂ ಎತ್ತರದ ಎರಡು ಮೂರು ಸೆಂಟಿಮೀಟರ್ ಸರಿಪಡಿಸುವುದು ಮೇಲು ಎಂದೇ ನನ್ನ ನಂಬಿಕೆ.

ಆದರೆ ಜಾರುವ ಆಸನ ಒಂದು ತೊಡಕನ್ನೂ ತಂದಿತು. ಒಬ್ಬರೇ ಕೂರುವ ಸಿಂಗಲ್ ಸ್ಕಲ್ ದೋಣಿಯ ಕನಿಷ್ಠ ತೂಕ ಬರೀ 14 ಕಿಲೋ. ಅದರೊಳಗೆ ಹಿಂದೆ ಮುಂದೆ ಓಡಾಡುವ ಆಟಗಾರ 80, 90 ಕಿಲೋ. ಹುಟ್ಟನ್ನು ನೀರಿನಿಂದೆತ್ತಿ ಅವನು ಪಾದಗಳತ್ತ ಜಾರಿಕೊಳ್ಳುವಾಗ ಹಗುರ ದೋಣಿಯೇ ಅವನಡಿಯಲ್ಲಿ ಮುಂದಕ್ಕೆ ನುಗ್ಗುತ್ತದೆ. ಹುಟ್ಟು ಗಾಳಿಯಲ್ಲಿರುವಾಗಲೇ ದೋಣಿಯ ವೇಗ ಅತಿ ಹೆಚ್ಚು! ಮತ್ತೆ ಒದೆಯಲು ಶುರುಮಾಡಿದ ಕ್ಷಣ ಅದು ಮುಗ್ಗರಿಸುತ್ತದೆ. ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುವುದರಿಂದ, ಹೀಗೆ ಏರಿಳಿಯುವ ಓಟಕ್ಕೆ ಒಂದೇ ಸಮನೆಯ ಓಟಕ್ಕಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಹಾಗಾದರೆ ಆಟಗಾರನನ್ನು ಕೂತಲ್ಲೇ ಕೂರಿಸಿ, ಹುಟ್ಟುಗಳನ್ನು ಹಿಡಿದಿರುವ ರಿಗ್ಗರ್ ಚೌಕಟ್ಟನ್ನೂ ಪಾದದ ಹಲಗೆಯನ್ನೂ ಜಾರಿಸಿದರೆ? ಓಡಾಡುವ ಭಾರ ಕೆಲವೇ ಕಿಲೋಗೆ ಇಳಿಯುತ್ತದೆ. ಪಶ್ಚಿಮ ಜರ್ಮನಿಯ ಪೀಟರ್ ಮೈಕೆಲ್ ಕೋಲ್ಬೆ 1981ರಲ್ಲಿ ಇಂಥ ಸಿಂಗಲ್ ಸ್ಕಲ್ ದೋಣಿಯಲ್ಲಿ ವಿಶ್ವ ಚಾಂಪಿಯನ್ ಆದರು. ಮರುವರ್ಷ ಆ ಸ್ಪರ್ಧೆಯ ಫೈನಲ್‌ನ ಆರರಲ್ಲಿ ಐದು ದೋಣಿ, 1983ರಲ್ಲಿ ಆರಕ್ಕೆ ಆರೂ ಇದೇ ಬಗೆಯವು. ಅದೇ ವರ್ಷ ಅಂತರರಾಷ್ಟ್ರೀಯ ರೋಯಿಂಗ್ ಒಕ್ಕೂಟ ಜಾರುವ ರಿಗ್ಗರನ್ನು ನಿಷೇಧಿಸಿತು. ಅಷ್ಟು ಸೊಗಸಾದ ಉಪಾಯ ಮೂರೇ ವರ್ಷಕ್ಕೆ ಪಂದ್ಯದಿಂದ ಹೊರಬಿದ್ದದ್ದು ನನಗೆ ಇವತ್ತಿಗೂ ಬೇಸರದ ಸಂಗತಿ.

ನೆಲದ ಮೇಲೆ ಅದು ಉಳಿದುಕೊಂಡಿದೆ. ಅಭ್ಯಾಸದ ರೋಯಿಂಗ್ ಯಂತ್ರದಡಿ ಜಾರುಹಳಿ ಇಟ್ಟರೆ, ಆಟಗಾರ ಹೆಚ್ಚುಕಡಿಮೆ ಕೂತಲ್ಲೇ ಇರುತ್ತಾನೆ, ಯಂತ್ರವೇ ಅವನ ಕಾಲಡಿಯಲ್ಲಿ ಹೋಗಿ ಬರುತ್ತದೆ.