ಹುಟ್ಟುಬಲವೂ ಗಳಿಸಿದ ಬಲವೂ

ಚಿತ್ರಕಥೆಗಳಲ್ಲಿ ಬರುವ ಅತಿಮಾನವ ವೀರರಿಗೆ ಅವರ ಬಲ ಎಲ್ಲಿಂದ ಬಂತು? ಕಥೆಗಾರರು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರೆ ಅವು ಮುಖ್ಯವಾಗಿ ನಾಲ್ಕು ಬಗೆಯವೆಂದು ತಿಳಿದುಬರುತ್ತದೆ. ಮೊದಲನೆಯದು ಸಾಧನೆ. ೧೯೩೬ರಲ್ಲಿ ಲೀ ಫಾಕ್ ಸೃಷ್ಟಿಸಿದ, ನಮ್ಮ ದೇಶದಲ್ಲಿ ೧೯೬೪ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ಮನೆಮಾತಾದ ಫ್ಯಾಂಟಮ್‌ನಲ್ಲಿ ಅಲೌಕಿಕವಾದ ಶಕ್ತಿ ಯಾವುದೂ ಇಲ್ಲ. ಅವನಲ್ಲಿರುವುದು ಪೂರ್ವಿಕರ ಪ್ರತಿಜ್ಞೆ ಮತ್ತು ದೇಹದ ಅಭ್ಯಾಸ. ಎರಡನೆಯದು ಉಪಕರಣ. ೧೯೬೩ರ ಐರನ್ ಮ್ಯಾನ್ ತಾನೇ ಕಟ್ಟಿಕೊಂಡ ಕವಚದಿಂದ ಬಲಶಾಲಿಯಾಗುತ್ತಾನೆ. ಮೂರನೆಯದು ಆಕಸ್ಮಿಕ. ೧೯೬೧ರ ಫೆಂಟಾಸ್ಟಿಕ್ ಫೋರ್ ಕಥೆಯ ನಾಲ್ವರು ರಾಕೆಟ್ಟಿನಲ್ಲಿ ಪಯಣಿಸುವಾಗ ವಿಶ್ವಕಿರಣಗಳ ಹೊಡೆತಕ್ಕೆ ಸಿಕ್ಕಿ ಮಾರ್ಪಡುತ್ತಾರೆ. ೧೯೬೨ರ ಸ್ಪೈಡರ್‌ಮ್ಯಾನ್‌ನನ್ನು ವಿಕಿರಣಪಟು ಜೇಡವೊಂದು ಕಚ್ಚುತ್ತದೆ. ನಾಲ್ಕನೆಯದು ಹುಟ್ಟು. ೧೯೩೮ರ ಸೂಪರ್‌ಮ್ಯಾನ್ ಬೇರೊಂದು ಗ್ರಹದ ಜನಾಂಗದಲ್ಲಿ ಹುಟ್ಟಿದವನು. ೧೯೬೩ರ ಎಕ್ಸ್-ಮೆನ್ ತಂಡದವರು ಮನುಷ್ಯರಿಗೇ ಹುಟ್ಟಿದವರಾದರೂ ಜನ್ಮದಿಂದಲೇ ಉತ್ಪರಿವರ್ತಿತರು.

ಈ ನಾಲ್ಕನೆಯ ಉತ್ತರವನ್ನು ಕುರಿತು ಓದುಗರಲ್ಲಿ ಒಂದು ಆಕ್ಷೇಪಣೆ ಬಹುಕಾಲದಿಂದ ಇದೆ. ಹುಟ್ಟಿನಿಂದಲೇ ಬಂದ ಬಲವೆಂದರೆ ಅದು ಕಥೆಗಾರನ ಸೋಮಾರಿತನವಲ್ಲವೆ? ಜಾಕ್ ಕರ್ಬಿಯವರೊಡನೆ ಎಕ್ಸ್-ಮೆನ್ ಕಥೆಗಳನ್ನು ಆರಂಭಿಸಿದ ಸ್ಟ್ಯಾನ್ ಲೀ ಅವರೇ ಇದನ್ನು ಮುಂದೆ ಸಂದರ್ಶನಗಳಲ್ಲಿ ನಗುತ್ತ ಒಪ್ಪಿಕೊಂಡರು. ಪ್ರತಿಯೊಬ್ಬ ವೀರನಿಗೂ ಹೊಸ ಕಿರಣವನ್ನೋ ಹೊಸ ಕೀಟವನ್ನೋ ಎಲ್ಲಿಂದ ತರುವುದು? ಅವರೆಲ್ಲರೂ ಹಾಗೆಯೇ ಹುಟ್ಟಿದರೆಂದು ಹೇಳಿಬಿಟ್ಟರೆ ಆ ತೊಡಕೇ ಇಲ್ಲವೆಂದು ತಮಗೆ ತೋರಿತೆಂಬುದು ಅವರ ಮಾತಿನ ಸಾರಾಂಶ. ಕರ್ತೃವೇ ಒಪ್ಪಿಕೊಂಡ ಮೇಲೆ ವಾದವೇನು ಉಳಿಯಿತೆಂದು ವಾಚಕರು ಕೇಳಬಹುದು. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ವಿಷಯ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಜೇಡ ಕಚ್ಚಿತೆಂಬ ಉತ್ತರ ಹುಟ್ಟಿನಿಂದ ಬಂತೆಂಬ ಉತ್ತರಕ್ಕಿಂತ ನಿಜವಾಗಿಯೂ ಹೆಚ್ಚು ಶ್ರಮದ ಉತ್ತರವೆ? ಇದನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯಲ್ಲಿಯೇ ಅದಕ್ಕೆ ತಕ್ಕ ಸಾಮಗ್ರಿ ಇದೆ.

ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಭೂಮಿಯ ಮೇಲೆ ಎಡೆಬಿಡದೆ ಬಂದು ಬೀಳುತ್ತಿರುವ ಅತಿವೇಗದ ಕಣಗಳು. ೧೯೧೨ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ, ಎತ್ತರ ಹೆಚ್ಚಿದಂತೆ ವಿಕಿರಣವೂ ಹೆಚ್ಚುವುದೆಂದು ತೋರಿಸಿ, ಇವುಗಳ ಮೂಲ ಆಕಾಶದಲ್ಲಿದೆಯೆಂದು ಸಿದ್ಧಪಡಿಸಿದರು. ಈ ಕಣಗಳು ವಾಯುಮಂಡಲದ ಪರಮಾಣುಗಳಿಗೆ ಡಿಕ್ಕಿ ಹೊಡೆದಾಗ ಹುಟ್ಟುವ ಮ್ಯುಆನ್ ಎಂಬ ಕಣಗಳು ನೆಲವನ್ನು ಮುಟ್ಟುತ್ತವೆ. ನೆಲಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯುಆನ್ ಬೀಳುತ್ತದೆ. ಅಂಗೈಯನ್ನು ಅಗಲವಾಗಿ ಚಾಚಿ ಹಿಡಿದರೆ, ಈ ಲೇಖನವನ್ನು ಓದಿ ಮುಗಿಸುವ ಹತ್ತು ನಿಮಿಷಗಳಲ್ಲಿ ಸುಮಾರು ಸಾವಿರ ಮ್ಯುಆನ್‌ಗಳು ಅದನ್ನು ತೂರಿ ಹೋಗಿರುತ್ತವೆ. ಮಾಲೂರಿನ ರೈತನೂ, ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಕಾದಿರುವ ವಿದ್ಯಾರ್ಥಿನಿಯೂ ಹುಟ್ಟಿದಂದಿನಿಂದ ಈ ಮಳೆಯಲ್ಲಿ ನೆನೆಯುತ್ತಲೇ ಇದ್ದಾರೆ. ಅವರಿಬ್ಬರಲ್ಲಿ ಯಾರೂ ಇದರಿಂದ ಅದೃಶ್ಯರಾಗಲಿಲ್ಲ.

ಈ ಮಳೆಯಿಂದ ತಪ್ಪಿಸಿಕೊಳ್ಳಲು ಭೂಮಿಯ ಆಳಕ್ಕೆ ಇಳಿಯಬೇಕು. ಕೋಲಾರದ ಚಿನ್ನದ ಗಣಿಗಳು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿದ್ದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಕೆಳಗೆ ಇಳಿದಿತ್ತು. ಹೋಮಿ ಭಾಭಾ ಅವರ ಪ್ರೇರಣೆಯಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು ೧೯೫೦ರ ದಶಕದ ಆರಂಭದಲ್ಲಿ ಇಲ್ಲಿ ಮ್ಯುಆನ್‌ಗಳನ್ನು ಎಣಿಸತೊಡಗಿದರು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತ ಹೋಯಿತು. ೧೯೬೦ರ ದಶಕದ ಆರಂಭದಲ್ಲಿ ಎರಡೂಮುಕ್ಕಾಲು ಕಿಲೊಮೀಟರು ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಇಷ್ಟು ನಿಶ್ಶಬ್ದವಾದ ಸ್ಥಳ ಸಿಕ್ಕಿದ ಮೇಲೆ, ಬಂಡೆಯನ್ನೆಲ್ಲ ತೂರಿ ಬರಬಲ್ಲ ನ್ಯೂಟ್ರಿನೊ ಕಣವನ್ನು ಅಲ್ಲಿಯೇ ಏಕೆ ಹುಡುಕಬಾರದೆಂಬ ಯೋಚನೆ ಬಂತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯ ಇವು ಜೊತೆಗೂಡಿ ೨.೩ ಕಿಲೊಮೀಟರು ಆಳದಲ್ಲಿ ಉಪಕರಣಗಳನ್ನು ಹೂಡಿದವು. ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಬಂಡೆಯಲ್ಲಿ ಉಂಟುಮಾಡಿದ ಮ್ಯುಆನ್‌ಗಳ ಜಾಡು ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ತಂಡವೂ ಅದೇ ಕಾಲದಲ್ಲಿ ಇದೇ ಫಲವನ್ನು ಕಂಡಿತು. ೨೦೦೧ರಲ್ಲಿ ಗಣಿಗಳು ಮುಚ್ಚಿದುವಾದರೂ ಭೌತವಿಜ್ಞಾನದ ಚರಿತ್ರೆಯಲ್ಲಿ ಕೋಲಾರದ ಹೆಸರು ಉಳಿದಿದೆ.

ಈಗ ಕಥೆಗೆ ಮರಳೋಣ. ವಿಶ್ವಕಿರಣಗಳು ಮನುಷ್ಯನಿಗೆ ಬಲವನ್ನು ಕೊಡಬಲ್ಲವೆ? ಲೆಕ್ಕ ಹಾಕಿ ನೋಡಬಹುದು. ಒಂದು ಮ್ಯುಆನ್ ನಮ್ಮ ದೇಹದ ಇಪ್ಪತ್ತು ಸೆಂಟಿಮೀಟರನ್ನು ದಾಟುವಾಗ ಬಿಟ್ಟುಹೋಗುವ ಶಕ್ತಿ ಒಂದು ಜೂಲಿನ ಸುಮಾರು ಹದಿನೈದು ಸಾವಿರ ಕೋಟಿಯಲ್ಲಿ ಒಂದು ಪಾಲು. ಒಂದು ಟನ್ ತೂಕದ ಮೋಟಾರು ಕಾರನ್ನು ಎರಡು ಮೀಟರು ಎತ್ತಲು ಬೇಕಾದುದು ಇಪ್ಪತ್ತು ಸಾವಿರ ಜೂಲು. ಹೀಗಿರಲು, ವೀರನ ಬಲ ಕಿರಣದಿಂದ ಬಂತೆನ್ನುವುದು ಸಾಧ್ಯವಿಲ್ಲ. ಸೋಜಿಗವೇನೆಂದರೆ, ಆ ಶಕ್ತಿ ನಮ್ಮ ಊಟದಲ್ಲಿಯೇ ಇದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೩೨೦ ಕಿಲೊಕ್ಯಾಲರಿ, ಎಂದರೆ ಹದಿಮೂರು ಲಕ್ಷ ಜೂಲಿಗೂ ಹೆಚ್ಚು ಶಕ್ತಿ ಅಡಗಿದೆ. ಅದರಲ್ಲಿ ಕಾಲುಭಾಗ ಮಾತ್ರ ಸ್ನಾಯುಗಳ ಕೆಲಸಕ್ಕೆ ಒದಗಿದರೂ ಆ ಕಾರನ್ನು ಹದಿನಾರು ಬಾರಿ ಎತ್ತಬಹುದು. ಮುದ್ದೆ ಉಂಡವರು ಕಾರನ್ನು ಎತ್ತಲಾರದಿರುವುದಕ್ಕೆ ಕಾರಣ ಶಕ್ತಿಯ ಕೊರತೆಯಲ್ಲ. ಅಷ್ಟು ಭಾರವನ್ನು ತಾಳಬಲ್ಲ ಸ್ನಾಯು ಮತ್ತು ಮೂಳೆಗಳ ರಚನೆ ಅವರಿಗಿಲ್ಲ. ಆದುದರಿಂದ ಅತಿಮಾನವನ ಮೂಲವನ್ನು ವಿವರಿಸಬೇಕಾದರೆ, ಅವನ ದೇಹದ ರಚನೆ ಹೇಗೆ ಬೇರೆಯಾಯಿತೆಂಬುದನ್ನೇ ಹೇಳಬೇಕು.

ಸೂಪರ್‌ಮ್ಯಾನ್‌ನ ಮೊದಲ ಕಥೆಯಲ್ಲಿ ಅಂಥ ವಿವರಣೆಗೆ ಒಂದು ಪ್ರಯತ್ನ ನಡೆದಿದೆ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಭಾರವನ್ನು ಹೊರುವುದಿಲ್ಲವೆ ಎಂದು ಅಲ್ಲಿ ಹೋಲಿಕೆ ಕೊಡಲಾಗಿದೆ. ಈ ಹೋಲಿಕೆಯಲ್ಲಿ ದೋಷವಿದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುತ್ತದೆ. ದೇಹದ ತೂಕ ಘನಗಾತ್ರವನ್ನು ಅನುಸರಿಸುತ್ತದೆ. ಇರುವೆಯನ್ನು ಉದ್ದ, ಅಗಲ, ಎತ್ತರಗಳಲ್ಲಿ ನೂರು ಪಟ್ಟು ಹಿಗ್ಗಿಸಿದರೆ ಬಲ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ, ತೂಕವಾದರೋ ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ. ಪಾಪ, ಅದು ತನ್ನ ಕಾಲಮೇಲೆ ತಾನೇ ನಿಲ್ಲಲಾರದು. ಗೆಲಿಲಿಯೊ ೧೬೩೮ರಷ್ಟು ಹಿಂದೆಯೇ ಈ ತತ್ತ್ವವನ್ನು ಚರ್ಚಿಸಿದ್ದನು. ಹೋಲಿಕೆ ತಪ್ಪಾದರೂ ಇಲ್ಲಿ ಗಮನಿಸತಕ್ಕ ಒಂದು ಗುಣವಿದೆ: ವಿವರಣೆಯನ್ನು ಮುಂದಿಟ್ಟುದರಿಂದಲೇ ಅದನ್ನು ಪರೀಕ್ಷಿಸಿ ತಪ್ಪೆಂದು ಹೇಳಲು ನಮಗೆ ಸಾಧ್ಯವಾಯಿತು. ಸುಮ್ಮನೆ ಹಾಗೆ ಹುಟ್ಟಿದನೆಂದಿದ್ದರೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ.

ಉತ್ಪರಿವರ್ತನೆಯ ವಿಚಾರವೇನು? ಎಕ್ಸ್-ಕಿರಣಗಳನ್ನು ಹಾಯಿಸಿ ಹಣ್ಣುನೊಣಗಳ ಸಂತತಿಯಲ್ಲಿ ಉತ್ಪರಿವರ್ತನೆಗಳನ್ನು ಉಂಟುಮಾಡಬಹುದೆಂದು ಎಚ್. ಜೆ. ಮಲ್ಲರ್ ೧೯೨೭ರಲ್ಲಿ ತೋರಿಸಿದರು. ಅದಕ್ಕಾಗಿ ೧೯೪೬ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅಂಥ ಬದಲಾವಣೆಗಳು ಗೊತ್ತುಗುರಿಯಿಲ್ಲದವು. ಕೆಲವು ಹಾನಿಕರ, ಬಹುಪಾಲು ನಿರುಪದ್ರವಿ, ಎಲ್ಲೋ ಒಂದು ಉಪಯುಕ್ತ. ಯಾವ ಕಿರಣದ ಹಂಗೂ ಇಲ್ಲದೆ, ವಂಶವಾಹಿಗಳ ಪ್ರತಿ ತೆಗೆಯುವಾಗ ಆಗುವ ತಪ್ಪುಗಳಿಂದಲೇ, ಪ್ರತಿಯೊಂದು ಮಗುವೂ ತಂದೆತಾಯಿಗಳಲ್ಲಿ ಇಲ್ಲದ ಸುಮಾರು ಅರವತ್ತು ಎಪ್ಪತ್ತು ಹೊಸ ಬದಲಾವಣೆಗಳನ್ನು ಹೊತ್ತು ಹುಟ್ಟುತ್ತದೆ. ಈ ಅರ್ಥದಲ್ಲಿ ನಾವೆಲ್ಲರೂ ಉತ್ಪರಿವರ್ತಿತರೇ.

ನಿಜವಾದ ಹುಟ್ಟುಬಲಕ್ಕೂ ಉದಾಹರಣೆಗಳುಂಟು. ಫಿನ್‌ಲೆಂಡಿನ ಏರೊ ಮ್ಯಾಂಟಿರಾಂಟ ಎಂಬಾತ ಹಿಮದ ಮೇಲೆ ಜಾರುವ ದೂರದ ಓಟದಲ್ಲಿ ಒಟ್ಟು ಏಳು ಒಲಿಂಪಿಕ್ ಪದಕಗಳನ್ನು ಗೆದ್ದವನು; ೧೯೬೪ರ ಕ್ರೀಡಾಕೂಟದಲ್ಲಿ ಅವನಿಗೆ ಎರಡು ಚಿನ್ನದ ಪದಕಗಳು ಬಂದವು. ಅವನ ರಕ್ತದಲ್ಲಿ ಕೆಂಪುಕಣಗಳು ಅಸಾಧಾರಣವಾಗಿ ಹೆಚ್ಚಾಗಿದ್ದವು. ಕೆಂಪುಕಣಗಳ ಉತ್ಪಾದನೆಯನ್ನು ತಡೆದು ಹತೋಟಿಯಲ್ಲಿಡುವ ಏರ್ಪಾಡು ಒಂದು ವಂಶವಾಹಿಯ ಬದಲಾವಣೆಯಿಂದ ಅವನ ಮನೆತನದಲ್ಲಿ ಸಡಿಲವಾಗಿದೆಯೆಂದು ೧೯೯೩ರಲ್ಲಿ ತಿಳಿದುಬಂತು. ಇಲ್ಲಿ ವಿಜ್ಞಾನಿಗಳು ಅವನು ಹಾಗೆ ಹುಟ್ಟಿದನೆಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಯಾವ ವಂಶವಾಹಿ, ಏನು ಬದಲಾವಣೆ, ಅದರಿಂದ ರಕ್ತಕ್ಕೇನಾಯಿತು, ರಕ್ತದಿಂದ ಓಟಕ್ಕೇನಾಯಿತು ಎಂಬ ಸರಪಣಿಯನ್ನು ಕೊಂಡಿಕೊಂಡಿಯಾಗಿ ಜೋಡಿಸಿದರು. ಅದೇ ವಂಶವಾಹಿಯನ್ನು ಪಡೆದ ಬಂಧುಗಳೆಲ್ಲರೂ ಒಲಿಂಪಿಕ್ ವೀರರಾಗಲಿಲ್ಲವೆಂಬುದನ್ನೂ ಮರೆಯಬಾರದು.

ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಾದಾಮಿ ಹಣ್ಣಿನ ರುಚಿ ಹುಟ್ಟಿನಿಂದ ಬಂದುದೇ ಸರಿ. ಆದರೆ ಅದರ ಓಟೆಯನ್ನು ನೆಟ್ಟರೆ ಅದೇ ಹಣ್ಣು ಬರುವುದೆಂಬ ಭರವಸೆಯಿಲ್ಲ. ಆದ್ದರಿಂದಲೇ ಒಳ್ಳೆಯ ಮರದ ಕಡ್ಡಿಯನ್ನು ತಂದು ಗಟ್ಟಿಯಾದ ಸಸಿಗೆ ಕಸಿ ಕಟ್ಟುತ್ತಾರೆ. ಕಸಿಯಾದ ಮೇಲೂ ನೀರು, ಗೊಬ್ಬರ, ಸವರುವಿಕೆ ಇಲ್ಲದಿದ್ದರೆ ಹುಟ್ಟುಗುಣ ಗಿಡದಲ್ಲಿಯೇ ಉಳಿದುಹೋಗುತ್ತದೆ.

ಹೀಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿವರಣೆಯಾಗಿ ಪರಿಗಣಿಸಿದರೆ, ಜೇಡವೂ ಕಿರಣವೂ ಹುಟ್ಟೂ ಸರಿಸುಮಾರು ಒಂದೇ ತೂಕದವು. ಮೂರರಲ್ಲಿಯೂ ಸರಪಣಿಯ ಮೊದಲ ಕೊಂಡಿ ಮತ್ತು ಕೊನೆಯ ಕೊಂಡಿ ಮಾತ್ರ ಇವೆ, ನಡುವಿನವು ಇಲ್ಲ. ಸೋಮಾರಿತನವೆಂಬ ಆರೋಪ ಹುಟ್ಟಿಗೆ ಮಾತ್ರ ಸಲ್ಲುವುದಾದರೆ ಅದು ಅನ್ಯಾಯ. ಆದರೆ ಕಥೆಯಾಗಿ ಪರಿಗಣಿಸಿದರೆ ಲೆಕ್ಕ ಬೇರೆ. ಕಥೆಯ ಬೆಲೆ ಬಲವು ಎಲ್ಲಿಂದ ಬಂತೆಂಬುದರಲ್ಲಿ ಇಲ್ಲ. ಆ ಬಲಕ್ಕೆ ತೆತ್ತ ಬೆಲೆಯಲ್ಲಿದೆ. ನಮ್ಮ ಪುರಾಣಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಕೋಲಾರದ ಶತಶೃಂಗ ಪರ್ವತದ ಐತಿಹ್ಯದಲ್ಲಿ ಬರುವ ಕಾರ್ತವೀರ್ಯಾರ್ಜುನನಿಗೆ ಸಾವಿರ ತೋಳುಗಳು ದತ್ತಾತ್ರೇಯನ ಸೇವೆಯಿಂದ ಬಂದ ವರ. ಅವುಗಳಿಂದ ಹುಟ್ಟಿದ ಗರ್ವವೇ ಪರಶುರಾಮನ ಕೊಡಲಿಯನ್ನು ಕರೆತಂದಿತು. ಮುಳಬಾಗಿಲಿನ ಬಳಿಯ ಆವನಿಯಲ್ಲಿ ಹುಟ್ಟಿದರೆಂದು ಜನ ನಂಬಿರುವ ಲವಕುಶರು ರಾಜಪುತ್ರರಾದರೂ ಅವರ ವಿದ್ಯೆ ವಾಲ್ಮೀಕಿಯ ಆಶ್ರಮದಲ್ಲಿ ಕಲಿತದ್ದು.

ಹುಟ್ಟುಬಲಕ್ಕೆ ಮಹಾಭಾರತದ ಕರ್ಣನಿಗಿಂತ ಮಿಗಿಲಾದ ಉದಾಹರಣೆಯಿಲ್ಲ. ಕವಚಕುಂಡಲಗಳು ಅವನ ಮೈಯೊಡನೆಯೇ ಬಂದವು. ಅದಕ್ಕಾಗಿ ಅವನು ಏನನ್ನೂ ಮಾಡಲಿಲ್ಲ. ಇಷ್ಟರಿಂದ ಅವನ ಕಥೆಯನ್ನು ಯಾರೂ ಸೋಮಾರಿ ಕಥೆಯೆನ್ನರು. ಏಕೆಂದರೆ ಕವಿ ಅವನ ಕಥೆಯ ಭಾರವನ್ನು ಆ ಕವಚವನ್ನು ಪಡೆದುದರ ಮೇಲೆ ಇಡಲಿಲ್ಲ, ಕೊಟ್ಟುದರ ಮೇಲೆ ಇಟ್ಟನು. ಇನ್ನೊಂದು ಅಂಶವೂ ಉಂಟು. ಮೈಯಲ್ಲಿ ಸೂರ್ಯನ ಕವಚವಿದ್ದ ಆ ವೀರನನ್ನೇ, ರಂಗಭೂಮಿಯಲ್ಲಿ ಬಿಲ್ಲು ಹಿಡಿದು ನಿಂತಾಗ, ನಿನ್ನ ಕುಲವಾವುದೆಂದು ಕೇಳಿ ತಲೆತಗ್ಗಿಸುವಂತೆ ಮಾಡಿದರು. ಎಕ್ಸ್-ಮೆನ್ ಕಥೆಗಳು ಓದುಗರ ಮನಸ್ಸಿನಲ್ಲಿ ನಿಂತುದಕ್ಕೂ ಕಾರಣ ಇದೇ ಬಗೆಯದು. ಹುಟ್ಟಿನ ದೆಸೆಯಿಂದ ಸಮಾಜವು ದೂರವಿಟ್ಟು ಹೆದರುವ ಜನರ ಪಾಡು ಅವುಗಳ ವಸ್ತುವಾಯಿತು. ಶ್ರಮ ತಪ್ಪಿಸಿಕೊಳ್ಳಲು ಹಿಡಿದ ದಾರಿ ಕಥೆಗಾರರನ್ನು ದೊಡ್ಡದೊಂದು ಪ್ರಶ್ನೆಯ ಎದುರಿಗೆ ತಂದು ನಿಲ್ಲಿಸಿತು.

ಈ ಪ್ರಶ್ನೆ ಚಿತ್ರಕಥೆಗಳಿಗೆ ಮಾತ್ರ ಸೇರಿದುದಲ್ಲ. ಹುಟ್ಟನ್ನೇ ಅರ್ಹತೆಯೆಂದೂ ಹುಟ್ಟನ್ನೇ ಅನರ್ಹತೆಯೆಂದೂ ಎಣಿಸುವ ಅಭ್ಯಾಸ ನಮ್ಮ ಸಮಾಜಕ್ಕೆ ಹೊಸದಲ್ಲ. ತರಗತಿಗಳಲ್ಲಿಯೂ ಅದು ಸದ್ದಿಲ್ಲದೆ ನುಸುಳುತ್ತದೆ. ಒಬ್ಬ ಹುಡುಗ ಗಣಿತದಲ್ಲಿ ಮುಂದಿದ್ದರೆ ಅವನದು ಹುಟ್ಟುಬುದ್ಧಿಯೆನ್ನುತ್ತೇವೆ. ಇನ್ನೊಬ್ಬಳು ಹಿಂದುಳಿದರೆ ಅವಳ ತಲೆಗೆ ಹತ್ತುವುದಿಲ್ಲವೆನ್ನುತ್ತೇವೆ. ಮೊದಲಿನವನಿಗೆ ಮನೆಯಲ್ಲಿ ಪಾಠ ಹೇಳುವವರಿದ್ದರೆ? ಎರಡನೆಯವಳು ನಸುಕಿನಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಬಂದವಳಾಗಿದ್ದರೆ? ನಾವು ವಿಚಾರಿಸುವುದಿಲ್ಲ. ಚಿತ್ರಕಥೆಯಲ್ಲಿ ಇಂಥ ಸೋಮಾರಿತನದಿಂದ ಒಂದು ಪುಟ ಸಪ್ಪೆಯಾದೀತು. ತರಗತಿಯಲ್ಲಿ ಒಂದು ಜೀವನವೇ ಸಪ್ಪೆಯಾಗುತ್ತದೆ. ಹುಟ್ಟಿನಲ್ಲಿ ವ್ಯತ್ಯಾಸಗಳೇ ಇಲ್ಲವೆಂದು ವಿಜ್ಞಾನ ಹೇಳುವುದಿಲ್ಲ. ನಡುವಿನ ಕೊಂಡಿಗಳನ್ನು ಹುಡುಕದೆ ತೀರ್ಪು ಕೊಡಬೇಡವೆಂದು ಮಾತ್ರ ಹೇಳುತ್ತದೆ.

೧೯೬೫ರಲ್ಲಿ ಕೋಲಾರದಲ್ಲಿ ದೊರೆತ ನ್ಯೂಟ್ರಿನೊವಿನ ಜಾಡಿಗೂ ಅಂಥ ಕೊಂಡಿಗಳುಂಟು. ಎಂಬತ್ತಕ್ಕೂ ಹೆಚ್ಚು ವರ್ಷ ಕಾಲ ಸುಡುವ ಬಂಡೆಯನ್ನು ಕೊರೆದು ಕೆಳಗಿಳಿದ ಗಣಿ ಕಾರ್ಮಿಕರು, ೧೯೦೨ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಹರಿದ ವಿದ್ಯುಚ್ಛಕ್ತಿ, ಏನೂ ಕಾಣದ ಎರಡು ತಿಂಗಳನ್ನು ವ್ಯರ್ಥವೆಂದು ಬಗೆಯದೆ ಅದರಲ್ಲಿಯೇ ಅರ್ಥವನ್ನು ಕಂಡ ಸಂಶೋಧಕರು, ಇವರೆಲ್ಲರೂ ಸೇರಿ ಆ ಜಾಡನ್ನು ಸಾಧ್ಯಗೊಳಿಸಿದರು. ಮುಂದಿನ ಬಾರಿ ಚಿತ್ರಕಥೆಯ ವೀರನನ್ನೋ ತರಗತಿಯ ಜಾಣನನ್ನೋ ಕಂಡಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಒಳ್ಳೆಯದು: ಈ ಬಲದ ಮೂಲವೇನು, ನಡುವೆ ಏನೇನು ನಡೆಯಿತು, ಇದಕ್ಕೆ ಯಾರು ಬೆಲೆ ತೆತ್ತರು?