ರಂಗಗೀತೆಯ ಕಾರಂತರು

ವಿಜಯವಾಡದ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಾಗಲಿ, ವಿಶಾಖಪಟ್ಟಣದ ಯಾವುದಾದರೊಂದು ಸಭಾಭವನದಲ್ಲಾಗಲಿ ತೆಲುಗಿನ ಪೌರಾಣಿಕ ನಾಟಕವನ್ನು ನೋಡಿದಾಗ ಕನ್ನಡಿಗರಾದ ನಮಗೆ ಅದು ಪರಕೀಯವೆನಿಸುವುದಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ. ನಟನು ಪದ್ಯವನ್ನೆತ್ತಿ ರಾಗವನ್ನು ಎಳೆಯುತ್ತಾನೆ. ಸಭೆಯಿಂದ ‘ಒನ್ಸ್ ಮೋರ್’ ಕೂಗು ಏಳುತ್ತದೆ. ನಮ್ಮ ಹಿರಿಯರು ಗುಬ್ಬಿ ಕಂಪನಿಯ ನಾಟಕಗಳಲ್ಲಿ ಕಂಡು ಕೇಳಿದ್ದೂ ಇದನ್ನೇ. ತೆಲುಗು ನಾಟಕದಲ್ಲಿ ಹಾಡಿಗೆ ಸ್ಥಾನ ಕೊಟ್ಟ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಾಳಿದುದು ನಮ್ಮ ಬಳ್ಳಾರಿಯಲ್ಲೇ ಅಲ್ಲವೆ? ಈ ಎರಡು ರಂಗಭೂಮಿಗಳು ಒಡಹುಟ್ಟಿದವರಂತೆ. ಈ ಬಾಂಧವ್ಯವನ್ನು ಮತ್ತೆ ಚಿಗುರಿಸಿದ ಕನ್ನಡಿಗರೊಬ್ಬರನ್ನು ನಮ್ಮ ಓದುಗರಿಗೆ ಇಲ್ಲಿ ಪರಿಚಯಿಸುತ್ತಿದ್ದೇವೆ. ಅವರೇ ಬಾಬುಕೋಡಿ ವೆಂಕಟರಮಣ ಕಾರಂತರು.

ಕಾರಂತರು 1929ರಲ್ಲಿ ದಕ್ಷಿಣ ಕನ್ನಡದ ಬಂಟವಾಳದ ಬಳಿಯ ಮಂಚಿಯಲ್ಲಿ ಜನಿಸಿದರು. ನಾಟಕದ ಹುಚ್ಚು ಹತ್ತಿ, ಹುಡುಗನಾಗಿರುವಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಹುಡುಗನ ಬುದ್ಧಿಯನ್ನು ಗುರುತಿಸಿದ ವೀರಣ್ಣನವರು ಹೆಚ್ಚಿನ ಓದಿಗೆಂದು ಅವರನ್ನು ಕಾಶಿಗೆ ಕಳುಹಿಸಿದುದು ಸ್ಮರಣೀಯವಾದ ಸಂಗತಿ. ಅಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಮಾಡಿದರು; ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಕಲಿತರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವಿ ಪಡೆದರು. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು.

ಕಾರಂತರ ಸಂಗೀತದ ಹೆಚ್ಚಳವೇನು? ಕಂಪನಿ ನಾಟಕದಲ್ಲಿ ಹಾಡು ಎಷ್ಟೋ ವೇಳೆ ನಟನ ಕಂಠದ ಮೆರವಣಿಗೆಯಾಗಿತ್ತು. ಕಥೆ ಅಲ್ಲಿಯೇ ನಿಂತು ಕಾಯಬೇಕಾಗಿತ್ತು. ಆಮೇಲೆ ಬಂದ ವಿದ್ಯಾವಂತರ ನಾಟಕಗಳು ಹಾಡನ್ನೇ ಹೊರಗಟ್ಟಿದವು. ಕಾರಂತರು ಹಾಡನ್ನು ಮರಳಿ ಕರೆತಂದರು, ಆದರೆ ದುಡಿಯುವುದಕ್ಕೆಂದು ಕರೆತಂದರು. ಜಿ. ಬಿ. ಜೋಶಿಯವರ ‘ಸತ್ತವರ ನೆರಳು’ ಮಠದ ಅಧಿಕಾರದ ಜಗಳದ ಕಥೆ. ಅದರಲ್ಲಿ ಅವರು ದಾಸರ ಪದಗಳನ್ನು ಹೆಣೆದರು. ಕೇಳಿ ಕೇಳಿ ನಾವು ಬಲ್ಲ ಪದಗಳೇ. ಆದರೂ ಆ ಜಗಳದ ನಡುವೆ ಕೇಳಿದಾಗ ಅವು ಚಾಟಿಯೇಟಿನಂತೆ ತಾಗುತ್ತವೆ. ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಯಕ್ಷಗಾನದ ಉಸಿರನ್ನು ತುಂಬಿದರು. 1979ರಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಹಿಂದಿಯಲ್ಲಿ ಆಡಿಸಿದಾಗಲೂ ಯಕ್ಷಗಾನದ ನಡೆಯನ್ನೇ ಬಳಸಿದರು. ಅವರಿಗೆ ದೊಡ್ಡ ವಾದ್ಯಮೇಳವೇ ಬೇಕೆಂದಿರಲಿಲ್ಲ. ಕೋಲು, ಕಲ್ಲು, ಬಾಯಿಂದ ಹೊರಡುವ ದನಿ, ಕೈಗೆ ಸಿಕ್ಕ ಯಾವುದಾದರೂ ವಾದ್ಯವೇ.

ಇದೇ ದಾರಿಯಲ್ಲಿ ನಡೆದ ಜರ್ಮನಿಯ ಸಂಗೀತಗಾರ ಕುರ್ಟ್ ವೈಲ್ ಅವರನ್ನು ಇಲ್ಲಿ ನೆನೆಯಬಹುದು. 1928ರಲ್ಲಿ ಬರ್ಲಿನ್ನಿನಲ್ಲಿ ನಾಟಕಕಾರ ಬ್ರೆಕ್ಟ್ ಅವರೊಡಗೂಡಿ ಬೀದಿಯ ಮಟ್ಟುಗಳಿಂದಲೇ ಹೊಸ ಬಗೆಯ ಸಂಗೀತ ನಾಟಕವನ್ನು ಕಟ್ಟಿದವರು ಅವರು. ಯೆಹೂದಿಯಾದ ಕಾರಣ 1933ರಲ್ಲಿ ನಾಜಿಗಳ ಉಪಟಳದಿಂದ ದೇಶವನ್ನೇ ಬಿಡಬೇಕಾಯಿತು. ಅಮೆರಿಕವನ್ನು ಸೇರಿ, ಅಲ್ಲಿಯ ಜನರ ಭಾಷೆಯಲ್ಲೇ ಅವರ ರಂಗಭೂಮಿಗೆ ಹಾಡುಗಳನ್ನು ಕಟ್ಟಿ, 1950ರಲ್ಲಿ ತೀರಿಕೊಂಡರು. ಊರು ಬದಲಾದರೂ ವಿದ್ಯೆ ಬರಿದಾಗಲಿಲ್ಲ.

ಕಾರಂತರದೂ ಹಾಗೆಯೇ. ದೆಹಲಿ, ಭೋಪಾಲ, ಮತ್ತೆ 1989ರಿಂದ ಮೈಸೂರಿನ ರಂಗಾಯಣ, ಹೀಗೆ ಹೋದಲ್ಲೆಲ್ಲ ಅಲ್ಲಿಯ ಜನರ ದನಿಯನ್ನೇ ಹಾಡಿಸಿದರು. 1990ರ ದಶಕದಲ್ಲಿ ಅವರು ಆಂಧ್ರದ ಸುರಭಿ ಕಲಾವಿದರ ಬಳಿಗೆ ಬಂದರು. 1885ರಲ್ಲಿ ಕಡಪಾ ಜಿಲ್ಲೆಯ ಸುರಭಿ ಗ್ರಾಮದಲ್ಲಿ ಆರಂಭವಾದ ಈ ನಾಟಕ ಸಂಪ್ರದಾಯದ ಮನೆತನಗಳು ಮೂಲತಃ ಮರಾಠಿ ಮನೆಮಾತಿನವು, ತೊಗಲುಬೊಂಬೆ ಆಡಿಸುತ್ತಿದ್ದವು. ವಲಸೆ ಬಂದವರೇ ತೆಲುಗು ರಂಗಭೂಮಿಯ ಕೀರ್ತಿಯಾದರು! ಪರದೆ, ತಂತ್ರ, ಪೌರಾಣಿಕ ಕಥೆಗಳಲ್ಲಿ ಪಳಗಿದ ಅವರಿಗೆ ಕಾರಂತರು ‘ಭೀಷ್ಮ’ವನ್ನು ಕಲಿಸಿದರು, ಬ್ರೆಕ್ಟ್ ಅವರ ನಾಟಕವೊಂದನ್ನು ‘ಬಸ್ತಿ ದೇವತ ಯಾದಮ್ಮ’ ಎಂದು ತೆಲುಗಿನ ಮಣ್ಣಿಗಿಳಿಸಿದರು. ಕಂಪನಿಯ ಹುಡುಗನಾಗಿ ಪಡೆದುದನ್ನು ಇನ್ನೊಂದು ಕಂಪನಿಗೆ ಬಡ್ಡಿಸಹಿತ ಹಿಂತಿರುಗಿಸಿದರೆನ್ನಬೇಕು. 2002ರ ಸೆಪ್ಟೆಂಬರ್ 1ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಈ ಜೀವನದಿಂದ ಹೊರನಾಡಿನ ನಾವು ಕಲಿಯತಕ್ಕದ್ದೇನು? ನಮ್ಮ ಮಕ್ಕಳು ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುತ್ತಾರೆ. ಕನ್ನಡ ಅಡುಗೆಮನೆಯ ಮಾತಾಗಿ ಉಳಿದಿದೆ. ಅದೂ ಎಷ್ಟು ದಿನವೋ! ಗದರಿಸಿ ಕಲಿಸಿದರೆ ಭಾಷೆ ನಿಲ್ಲದು. ಕಾರಂತರು ಮಕ್ಕಳಿಗಾಗಿ ಆಡಿಸಿದ ‘ಪಂಜರ ಶಾಲೆ’ ಹೇಳುವುದೂ ಇದನ್ನೇ. ರವೀಂದ್ರರ ಕಥೆಯ ಆ ಗಿಣಿಗೆ ವಿದ್ಯೆಯನ್ನು ತುರುಕಿದರು. ಹಾಡು ನಿಂತಿತು, ಹಕ್ಕಿ ಸತ್ತಿತು.

ಆದುದರಿಂದ ಸಂಘದ ರಾಜ್ಯೋತ್ಸವಕ್ಕೆ ಧ್ವನಿಮುದ್ರಿಕೆ ಹಾಕಿ ಮಕ್ಕಳನ್ನು ಕುಣಿಸುವ ಬದಲು, ಒಂದು ಹಾರ್ಮೋನಿಯಂ ಇಟ್ಟು ಹತ್ತು ಮಕ್ಕಳಿಂದ ಒಂದು ರಂಗಗೀತೆಯನ್ನು ಹಾಡಿಸೋಣ. ಅಪಸ್ವರ ಬಂದರೆ ಬರಲಿ. ನೆರೆಮನೆಯ ತೆಲುಗು ಮಕ್ಕಳೂ ದನಿಗೂಡಿಸಲಿ. ಬಾಯಲ್ಲಿ ಹಾಡು ನಿಂತರೆ ಅದರ ಹಿಂದೆಯೇ ಮಾತೂ ಬಂದು ನಿಲ್ಲುತ್ತದೆ.