ಮೊದಲು ನಗು, ಆಮೇಲೆ ಪ್ರಶ್ನೆ

ಮೂಗಿನಲ್ಲಿ ಬೆರಳಾಡಿಸುವ ಚಟದ ಬಗ್ಗೆಯೂ ಯಾರಾದರೂ ಸಂಶೋಧನೆ ಮಾಡುತ್ತಾರೆಯೇ? ಮಾಡಿದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನ ಚಿತ್ತರಂಜನ್ ಅಂಡ್ರಾಡೆ ಮತ್ತು ಬಿ. ಎಸ್. ಶ್ರೀಹರಿ ಅವರು 200 ಶಾಲಾ ಮಕ್ಕಳನ್ನು ಈ ಕುರಿತು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಈ ಅಧ್ಯಯನಕ್ಕೆ 2001ರಲ್ಲಿ ‘ಇಗ್ ನೊಬೆಲ್’ ಬಹುಮಾನ ಬಂದಿತು.

ನೊಬೆಲ್‌ನ ಅಣಕದಂತಿರುವ ಈ ಬಹುಮಾನ 1991ರಲ್ಲಿ ಆರಂಭವಾಯಿತು. ಇದರ ಹಿಂದಿರುವವರು ಅಮೆರಿಕದ ಮಾರ್ಕ್ ಅಬ್ರಹಾಮ್ಸ್. ‘ಆನಲ್ಸ್ ಆಫ್ ಇಂಪ್ರಾಬಬಲ್ ರಿಸರ್ಚ್’ ಎಂಬ ವಿನೋದ ವಿಜ್ಞಾನ ಪತ್ರಿಕೆಯನ್ನು 1995ರಲ್ಲಿ ಹುಟ್ಟುಹಾಕಿದವರೂ ಅವರೇ. ಇಂದು ಅಂತರಜಾಲದಲ್ಲಿ ಅದನ್ನು ಯಾವ ಊರಿನಲ್ಲಿ ಕುಳಿತಾದರೂ ಓದಬಹುದು. ಮೊದಲು ನಗಿಸಬೇಕು, ಆಮೇಲೆ ಯೋಚನೆಗೆ ಹಚ್ಚಬೇಕು ಎಂಬುದು ಅದರ ನೀತಿ. ಮೂಗಿನ ಅಧ್ಯಯನವನ್ನೇ ನೋಡಿ. ಒಂದು ಚಟ ಯಾವಾಗ ರೋಗವಾಗುತ್ತದೆಂದು ಹೇಳಬೇಕಾದರೆ, ಸಾಮಾನ್ಯರಲ್ಲಿ ಅದು ಎಷ್ಟಿದೆಯೆಂದು ವೈದ್ಯರಿಗೆ ಮೊದಲು ತಿಳಿದಿರಬೇಕು. ಕಾಂತಶಕ್ತಿಯಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ದಲ್ಲಿ ಇಗ್ ನೊಬೆಲ್ ಪಡೆದ ಆಂಡ್ರೆ ಗೈಮ್, ಗ್ರಾಫೀನ್ ಕುರಿತ ಕೆಲಸಕ್ಕೆ 2010ರಲ್ಲಿ ನಿಜವಾದ ನೊಬೆಲ್ಲನ್ನೂ ಪಡೆದರು.

ಕನ್ನಡಕ್ಕೆ ಈ ರುಚಿ ಹೊಸದಲ್ಲ. ಸಸ್ಯಶಾಸ್ತ್ರವನ್ನು ನಗುನಗುತ್ತ ಹೇಳಿದ ಬಿ. ಜಿ. ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ನಗುವಿನಲ್ಲಿ ಎರಡು ಬಗೆ. ಒಂದು ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸುತ್ತದೆ. ಇನ್ನೊಂದು ಪ್ರಶ್ನೆಯನ್ನು ಬೆಳೆಸುತ್ತದೆ. ತರಗತಿಯಲ್ಲಿ ಮೊದಲನೆಯದನ್ನು ಕೇಳಿ ಕುಳಿತುಬಿಟ್ಟ ಹುಡುಗಿ ಮತ್ತೆ ಕೈ ಎತ್ತುವುದು ಕಷ್ಟ. ಅವಳು ಕೇಳಬಹುದಾದ ಪ್ರಶ್ನೆಗಳು ಬೆಳಗಾವಿ ಸೀಮೆಯಲ್ಲಿ ಕಾಲಕಾಲಿಗೆ ಸಿಗುತ್ತವೆ. ಬೈಲಹೊಂಗಲದ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದೇಕೆ? ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮುಂದೆ ರಾಮದುರ್ಗದತ್ತ ಹರಿಯುವ ಮಲಪ್ರಭೆ, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡವನ್ನೇ ಸೀಳಿದ್ದು ಹೇಗೆ? ನೀರಿನೊಡನೆ ಬರುವ ಮರಳು, ಹರಳುಗಳು ಅರದಂತೆ ಯುಗಯುಗ ಉಜ್ಜಿದರೆ ಬಂಡೆಯೂ ಸವೆಯುತ್ತದೆ. ಕಿತ್ತೂರು ಕೋಟೆಯ ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದು ಇರಿಸಿದ ಕೊಳವೆಯನ್ನು ತಿರುಗಿಸುವ ಅಗತ್ಯವಿಲ್ಲವೇಕೆ? ಭೂಮಿಯ ಅಕ್ಷದ ನೇರಕ್ಕೆ ಬಹುಮಟ್ಟಿಗೆ ಆ ನಕ್ಷತ್ರವಿರುವುದರಿಂದ ಅದು ಕದಲಿದಂತೆ ಕಾಣುವುದಿಲ್ಲ.

ಇವು ಹುಚ್ಚು ಪ್ರಶ್ನೆಗಳೆಂದು ನಗುವವರು ನಗಲಿ. ನಕ್ಕಮೇಲೆ ಉತ್ತರ ಹುಡುಕಲೂ ಅವಳ ಜೊತೆಗೆ ಹೊರಟರೆ ಸಾಕು.